ಕಿಂಡಿಯಮ್ಮ ತೌರು ಬಿಟ್ಟ ದಿನ

ಸೊಗಡಿನ ಅವರೆಕಾಯಿ ತುಂಬಿದ ಚೀಲದ ಬಾಯಿ ಬಿಚ್ಚಿದಾಗ ಬರುವ ವಾಸನೆಯನ್ನು ಗೊತ್ತಿಲ್ಲದವರಿಗೆ ವಿವರಿಸುವುದು ಕಷ್ಟ. ಗೊತ್ತಿರುವವರಿಗೆ ವಿವರಿಸುವ ಅಗತ್ಯವೇ ಇಲ್ಲ. ಇಬ್ಬನಿ, ಹಸಿ ಎಲೆ, ಕೈಗೆ ಹತ್ತುವ ಎಣ್ಣೆಯಂಥ ಜಿಡ್ಡು, ಜೊತೆಗೆ ಒಳಗೆ ಹುಳು ಇರಬಹುದೆಂಬ ಸಣ್ಣ ಅನುಮಾನ. ಮೊನ್ನೆ ಭಾನುವಾರ, ಡಿಸೆಂಬರ್ ಹದಿನೆಂಟರಂದು, ಬೆಳಿಗ್ಗೆ ಹತ್ತೂ ಹತ್ತಕ್ಕೆ ರತ್ನತ್ತೆ ಅವಲಪಲ್ಲಿಯ ನನ್ನ ಬಾಡಿಗೆ ಕೋಣೆಗೆ ಅಂಥದೊಂದು ಚೀಲ ತಂದಿಳಿಸಿದಳು. ಚೀಲದ ಮೇಲೆ ಕಂದು ರಟ್ಟಿನ ಒಂದು ಪುಟ್ಟ ಪುಸ್ತಕ.

"ನಮ್ ಮಾವ್ನೋರು ಕೊಟ್ರು ಕಣಮ್ಮಣ್ಣಿ. 'ನನ್ ಕಣ್ಣಿಗೆ ಪೊರೆ ಬಂದೈತೆ, ಇನ್ಮೇಲೆ ಆ ಹುಡುಗೀನೇ ಬರ್ಕಳ್ಲಿ' ಅಂತಂದ್ರು. ಅಜ್ಜಿ ಬೇರೆ ಹೇಳ್ಕಳ್ಸವ್ಳೆ, ಅಮ್ಮ ನಿಂತ್ಲು ಅಂತ."

ಅಷ್ಟು ಹೇಳಿ, ನೀರು ಕುಡಿದು, ಕೆಲಮಂಗಲದ ಬಸ್ಸಿಗೆ ಓಡಿದಳು. ನಾನು ಪುಸ್ತಕವನ್ನು ಕಿಟಕಿಯ ಮೇಲಿಟ್ಟು ಅವರೆ ಸುಲಿಯಲು ಕೂತೆ. ಹುಳು ಸಿಕ್ಕ ಕಾಯಿ ನಲವತ್ಮೂರು.

ನಗಬೇಡಿ. ನಾನು ಎಣಿಸುವವಳು. ಆರನೇ ತರಗತಿಯಲ್ಲಿ ಗೊಬ್ಬರದ ಅಂಗಡಿಯವರು ಅಪ್ಪನಿಗೆ ಕೊಟ್ಟ, ತಮಿಳಿನಲ್ಲಿ ತಿಂಗಳ ಹೆಸರು ಅಚ್ಚಾಗಿದ್ದ ಡೈರಿ ನನ್ನ ಕೈಗೆ ಬಂತು. ಅಂದಿನಿಂದ ಇಂದಿನವರೆಗೆ ಒಂದು ದಿನವೂ ಖಾಲಿ ಬಿಟ್ಟಿಲ್ಲ. ಒಡೆದ ಹೆಂಚು ಬದಲಾಯಿಸುತ್ತೇನೆಂದು ಅಪ್ಪ ಒಂದು ವರ್ಷದಲ್ಲಿ ಎಷ್ಟು ಸಲ ಹೇಳಿದರು ಎಂಬುದೂ ಅದರಲ್ಲಿದೆ: ಅರವತ್ತೊಂದು ಸಲ. ಹೆಂಚು ಇನ್ನೂ ಒಡೆದೇ ಇದೆ. ಆಗ ಇದಕ್ಕೆ ಬೈಗುಳ ಸಿಗುತ್ತಿತ್ತು. ಈಗ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಕೆಲಸದಲ್ಲಿದ್ದೇನೆ; ಅದೇ ಚಾಳಿಗೆ ಸಂಬಳ ಸಿಗುತ್ತಿದೆ.

ಅವರೆಯ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಅಡುಗೆಯಲ್ಲ, ಒಂದು ಗೋಡೆ. ಕೆಲಮಂಗಲದಿಂದ ಒಂದೂವರೆ ಮೈಲಿ ದೂರದ ನಮ್ಮ ಹಳ್ಳಿಮನೆಯ ನಡುಮನೆಗೆ ಮೂಡಲ ಗೋಡೆಯಲ್ಲಿ ಎರಡು ಬೆರಳಗಲದ ಒಂದು ಕಿಂಡಿಯಿದೆ. ಹೊತ್ತು ಹುಟ್ಟಿದ ಕೂಡಲೇ ಅದರಿಂದ ನಿಂಬೆಹಣ್ಣಿನ ಗಾತ್ರದ ಬೆಳಕೊಂದು ಒಳಗೆ ಬಂದು ಎದುರಿನ ಪಡುವಣ ಗೋಡೆಯ ಮೇಲೆ ಬೀಳುತ್ತದೆ. ಐದಾರು ನಿಮಿಷ ಇದ್ದು, ಕೆಳಗೆ ಜಾರಿ, ಮಸುಕಾಗಿ ಹೋಗುತ್ತದೆ. ಆ ಬೆಳಕೇ ಕಿಂಡಿಯಮ್ಮ. ನಮ್ಮ ಮನೆದೇವರು. ಬೇರೆ ಮೂರ್ತಿ ಇಲ್ಲ, ಪಟ ಇಲ್ಲ. ಗೋಡೆಯುದ್ದಕ್ಕೂ ಹೊಡೆದ ಹಲಗೆಯ ಮೇಲೆ ಒಂದು ಹಿತ್ತಾಳೆಯ ಕಳಸ. ಪ್ರತಿ ಮಂಗಳವಾರ ಬೆಳಕು ಎಲ್ಲಿ ಬಿತ್ತೋ ಅದರ ಕೆಳಗೆ ಅಜ್ಜಿ ಕಳಸವನ್ನು ಸರಿಸುತ್ತಾಳೆ, ಅರಿಶಿನ ಹಚ್ಚುತ್ತಾಳೆ. ಒಮ್ಮೆ ಸುಣ್ಣ ಬಳಿಯಲು ಬಂದವನು, "ಈ ತೂತು ಮುಚ್ಚಿಬಿಡ್ಲಾ ಅವ್ವ, ಇಲಿ ಬತ್ತದೆ" ಅಂದನಂತೆ. "ಮೊದ್ಲು ನನ್ ಬಾಯಿ ಮುಚ್ಚು, ಆಮೇಲೆ ಅದನ್ನ ಮುಚ್ಚೀಯಂತೆ" ಎಂದಳಂತೆ ಅಜ್ಜಿ.

ಈ ಅಮ್ಮ ಒಂದೆಡೆ ಕೂರುವವಳಲ್ಲ. ವರ್ಷವಿಡೀ ಗೋಡೆಯ ಮೇಲೆ ನಡೆಯುತ್ತಾಳೆ. ಬಲತುದಿ, ರಾಗಿ ತುಂಬಿದ ವಾಡೆಯ ಪಕ್ಕ, ಅವಳ ತೌರು. ಎಡತುದಿ ಅಡುಗೆಮನೆಯ ಬಾಗಿಲ ಪಕ್ಕ, ಅದು ಅತ್ತೆಮನೆ. ಅತ್ತೆಮನೆ ಅಡುಗೆಮನೆಯ ಪಕ್ಕ ಅಲ್ಲದೆ ಇನ್ನೆಲ್ಲಿರಬೇಕು ಹೇಳಿ! ಚಳಿಗಾಲದ ನಡುವೆ ತೌರಿನಲ್ಲಿರುವವಳು ಸಂಕ್ರಾಂತಿಗೆ ಮುಂಚೆಯೇ ಹೊರಡುತ್ತಾಳೆ. ಯುಗಾದಿಯ ಸುಮಾರಿಗೆ ಗೋಡೆಯ ನಡುವೆ ಇರುತ್ತಾಳೆ. ಆಗ ದಿನಕ್ಕೆ ಒಂದು ಬೆರಳಗಲ ಸರಿಯುತ್ತಾಳೆ. "ಬಿಸ್ಲಲ್ಲಿ ಕಾಲು ಸುಡ್ತದಲ್ಲ, ಅದ್ಕೇ ಬಿರಬಿರ್ನೆ ನಡೀತಾಳೆ" ಎಂದು ಅಜ್ಜಿ ಕಳಸದ ಮುಂದೆ ಮಜ್ಜಿಗೆ, ಬೇವಿನ ಕುಡಿ ಇಡುತ್ತಿದ್ದಳು. ಜೂನಿನಲ್ಲಿ ಅತ್ತೆಮನೆ ಸೇರುವ ಹೊತ್ತಿಗೆ ಮುಂಗಾರಿನ ಮೋಡ. ವಾರಗಟ್ಟಲೆ ಅವಳ ದರ್ಶನವೇ ಇಲ್ಲ. "ಅತ್ತೆಮನೆ ಸೇರ್ದೋಳು ಮುಖ ತೋರ್ಸೋದು ಕಮ್ಮಿ ಕಣಮ್ಮಣ್ಣಿ. ಕೆಲ್ಸ ಜಾಸ್ತಿ." ಆಷಾಢದ ಸುಮಾರಿನ ಆಡಿ ತಿಂಗಳಲ್ಲಿ ಪಕ್ಕದ ತಮಿಳರ ಮನೆಯಿಂದ ಮಾರಿಯಮ್ಮನ ಹೆಸರಿನ ರಾಗಿ ಗಂಜಿ ಬರುತ್ತಿತ್ತು. ಅಜ್ಜಿ ಮೊದಲ ಲೋಟವನ್ನು ಕಳಸದ ಮುಂದಿಟ್ಟು, "ಕುಡ್ಯವ್ವ, ಅಕ್ಕನ ಮನೆಯಿಂದ ಬಂದೈತೆ" ಎನ್ನುತ್ತಿದ್ದಳು. ನವರಾತ್ರಿಗೆ ಅಮ್ಮ ಮತ್ತೆ ಗೋಡೆಯ ನಡುವೆ, ಈ ಸಲ ತೌರಿನ ಕಡೆಗೆ ಮುಖ ಮಾಡಿ. ಹೋಗುವಾಗ ಬಿಸಿಲು, ಬರುವಾಗ ಅಲಂಕಾರ.

ನನಗೆ ಒಂದು ತಕರಾರಿತ್ತು. ಗೌರಿ ಭಾದ್ರಪದದಲ್ಲೇ ತೌರಿಗೆ ಬರುತ್ತಾಳಲ್ಲ, ನಮ್ಮಮ್ಮ ಯಾಕೆ ಇಷ್ಟು ತಡ?

"ಗೌರಿ ದೊಡ್ಡೋರ ಮನೆ ಹೆಣ್ಣು ಕಣೇ. ಯಾವಾಗ ಬೇಕಾದ್ರೂ ಬತ್ತಾಳೆ. ನಮ್ಮವ್ವ ಒಕ್ಕಲು ಮನೆ ಮಗ್ಳು. ರಾಗಿ ಕುಯ್ದು, ಮೆದೆ ಒಟ್ಟಿ, ಅವರೆ ಬಿಟ್ಮೇಲೇ ಅವ್ಳಿಗೆ ಪುರಸೊತ್ತು."

ಈ ಉತ್ತರವನ್ನು ನಾನು ಅಂದೇ ಡೈರಿಗೆ ಏರಿಸಿದೆ. ಇವತ್ತಿಗೂ ಇದಕ್ಕಿಂತ ಒಳ್ಳೆಯ ಉತ್ತರ ಯಾವ ಪಂಡಿತರಿಂದಲೂ ಸಿಕ್ಕಿಲ್ಲ. ದೇವಿಗೆ ಕಾಲಗಳಿರುವುದು ನಮಗೆ ಹೊಲ ಇರುವ ಹಾಗೆ. ಅವಳಿಗೂ ದಣಿವಿದೆ, ದಾರಿಯಿದೆ, ಬರಲು ಒಂದು ಮನೆಯಿದೆ.

ಇನ್ನೊಂದು ಪದ್ಧತಿ ಹೇಳಬೇಕು. ತೌರು ಸೇರಿದ ಅಮ್ಮ ಅಲ್ಲಿ ಕೆಲವು ದಿನ ಅಲುಗದೆ ನಿಲ್ಲುತ್ತಾಳೆ. ಅವಳು ನಿಂತಿರುವಷ್ಟು ದಿನ ನಮ್ಮ ಮನೆಯ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಂತಿಲ್ಲ. ಅವಳು ಹೊರಟ ಮೇಲೆ ಕಳಸಕ್ಕೆ ಹೊಸ ರಾಗಿ, ಅವರೆ, ಬೆಲ್ಲ, ರವಿಕೆ ಕಣ ಇಟ್ಟು ಮಡಿಲು ತುಂಬಿ, ಆಮೇಲೆ ಮನೆಮಗಳ ಮಡಿಲು ತುಂಬಬೇಕು. "ಹೊರಡೋಳು ನಿಂತ್ಕಂತಾಳೆ. ಹೊಸ್ಲು ದಾಟೋ ಮುಂಚೇನೇ ಮರ್ತಿರೋ ಸಾಮಾನೆಲ್ಲ ಜ್ಞಾಪಕ ಬರೋದು. ದೇವ್ರಿಗೇ ಅಷ್ಟೊತ್ತು ಬೇಕು ಅಂದ್ಮೇಲೆ ನಮ್ ಹೆಣ್ಮಕ್ಳಿಗೆ ಬೇಡ್ವಾ?"

ಎಪ್ಪತ್ತೆಂಟನೆಯ ಇಸವಿ. ನಾನು ಏಳನೇ ತರಗತಿ. ಭೂಗೋಳದ ಮೇಷ್ಟ್ರು ಒಂದು ಕಿತ್ತಳೆಹಣ್ಣು ಹಿಡಿದು ಸೂರ್ಯನ ಪಯಣ ತೋರಿಸಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಡಿಸೆಂಬರ್ ಇಪ್ಪತ್ತೆರಡಕ್ಕೆ ಸೂರ್ಯ ತಿರುಗುತ್ತಾನೆ! ಅದನ್ನು ನಮ್ಮ ಮನೆಯ ಗೋಡೆ ನನಗಿಂತ ಮುಂಚೆ, ಮೇಷ್ಟ್ರಿಗಿಂತ ಮುಂಚೆ, ಅಜ್ಜಿಯ ಅಜ್ಜಿಯ ಕಾಲದಿಂದ ಹೇಳುತ್ತಿದೆ! ಅವತ್ತು ಮನೆಗೆ ಓಡಿದ ವೇಗವನ್ನು ನಾನು ಇನ್ನೊಮ್ಮೆ ಮುಟ್ಟಿಲ್ಲ. ಜುಲೈ ಒಂದರಿಂದ ದಿನಾ ಬೆಳಿಗ್ಗೆ ಬೆಳಕಿನ ನಡುವೆ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ, ಪಕ್ಕದಲ್ಲಿ ತಾರೀಖು. ಮಂಜಾದರೂ ಮೋಡವಾದರೂ ಡೈರಿಯಲ್ಲಿ ಒಂದೇ ಪದ: ಮೋಡ. ಡಿಸೆಂಬರ್ ಹದಿಮೂರಕ್ಕೆ ನೂರ ಅರವತ್ತಾರು ದಿನವಾಗಿತ್ತು. ಅಮ್ಮ ಕಂಡದ್ದು ತೊಂಬತ್ತೆಂಟು, ಕಾಣದ್ದು ಅರವತ್ತೆಂಟು. ಸೆಪ್ಟೆಂಬರಿನಲ್ಲಿ ಬೆರಳಗಲ ದೂರ ದೂರ ಇದ್ದ ಗೆರೆಗಳು ನವೆಂಬರಿಗೆ ಹತ್ತಿರ ಬಂದವು. ಡಿಸೆಂಬರ್ ಹದಿನಾರರಿಂದ ಒಂದರ ಮೇಲೊಂದು ಬಿದ್ದು ಕಪ್ಪು ಗಂಟಾಗಿಬಿಟ್ಟವು. ಅಮ್ಮ ನಿಂತಿದ್ದಳು.

ಆ ವರ್ಷ ಸುಗ್ಗಿಗೆಂದು ರತ್ನತ್ತೆ ಮನೆಗೆ ಬಂದಿದ್ದಳು. ಅಪ್ಪನ ತಂಗಿ. ಮದುವೆಗೆ ಮುಂಚೆ ಟೀಚರ್ ಟ್ರೈನಿಂಗ್ ಮುಗಿಸಿದ್ದಳು; ಕೆಲಸದ ಆರ್ಡರ್ ಯಾವ ದಿನವಾದರೂ ಬರಬಹುದಿತ್ತು, ಬಂದರೆ ನಮ್ಮ ಮನೆಯ ವಿಳಾಸಕ್ಕೇ ಬರಬೇಕಿತ್ತು. ಗಂಡ ಕೃಷ್ಣಗಿರಿಯ ಆಚೆ ಮಾವಿನ ತೋಟ ನೋಡಿಕೊಂಡಿದ್ದ ಸಾಧು ಮನುಷ್ಯ. ತಂದೆಯ ಮಾತಿಗೆ ಎದುರಾಡಿದವನಲ್ಲ. ಆ ತಂದೆ ಮದುವೆಯ ಮಾತುಕತೆಯಲ್ಲೇ ಹೇಳಿದ್ದರು: "ಸೊಸೆ ಕೆಲಸಕ್ಕೆ ಹೋಗೋದು ನಮ್ಮ ಕಡೆ ಇಲ್ಲ. ಆರ್ಡರ್ ಬಂದ್ರೆ ಆಗ ನೋಡೋಣ." ಅತ್ತೆ ಗಂಡನ ಮನೆಗೆ ಹೋದ ಮೇಲೆ ಆರ್ಡರ್ ಬಂದರೆ ಅದನ್ನು ನೋಡುವವರು ಯಾರು, ಹೊತ್ತುಕೊಂಡು ಹೋಗುವವರು ಯಾರು? ಹೇಳಿದ ದಿನದೊಳಗೆ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬರಿಗೆ. ಹಾಗಾಗಿ ಅತ್ತೆ ದಿನಾ ಹನ್ನೆರಡು ಗಂಟೆಗೆ ಏನಾದರೂ ನೆವ ಮಾಡಿಕೊಂಡು ಬೀದಿಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಂಚೆಯವನು ಸೈಕಲ್ ನಿಲ್ಲಿಸದೆ ಹೋದ ದಿನಗಳನ್ನೂ ನಾನು ಬರೆದಿದ್ದೆ. ಇಪ್ಪತ್ತೊಂಬತ್ತು.

ಡಿಸೆಂಬರ್ ಇಪ್ಪತ್ಮೂರು, ಶನಿವಾರ, ಮಧ್ಯಾಹ್ನ ಬೀಗರ ತಾತ ಬಂದಿಳಿದರು. ಅತ್ತೆಯ ಮಾವ. ಸರ್ವೇ ಇಲಾಖೆಯಲ್ಲಿ ಮೂವತ್ತು ವರ್ಷ ಹೊಲ ಅಳೆದು ನಿವೃತ್ತರಾದವರು. ಜೇಬಿನಲ್ಲಿ ಕಂದು ರಟ್ಟಿನ ಪುಸ್ತಕ, ಚೀಲದಲ್ಲಿ ಗಂಟು ಹಾಕಿದ ನೂಲಿನ ಉಂಡೆ.

"ನಾಳೆ ಮೊದ್ಲು ಬಸ್ಸಿಗೆ ಸೊಸೇನ ಕರ್ಕೊಂಡು ಹೋಗ್ತೀನಕ್ಕ" ಅಂದರು ಅಜ್ಜಿಗೆ. "ಹಬ್ಬ ಬಂತು. ಮನೆ ಸಾರ್ಸಿ ಸುಣ್ಣ ಬಳೀಬೇಕು. ನಮ್ಮೋಳಿಗೆ ಸೊಂಟನೋವು."

"ಆಗಾಕಿಲ್ಲ ಬೀಗ್ರೇ. ಅಮ್ಮ ತೌರಲ್ಲಿ ನಿಂತವ್ಳೆ. ಅವ್ಳು ಹೊರಡೋ ತಂಕ ಈ ಮನೆ ಹೆಣ್ಮಕ್ಳನ್ನ ಕಳ್ಸಂಗಿಲ್ಲ."

"ನಿಮ್ಮನೆ ದೇವ್ರ ಮಾತು ಮೀರೋನಲ್ಲ ನಾನು. ಗಡಿಕಲ್ಲು ಯಾರ ಹೊಲದಲ್ಲಿದ್ರೂ ಗಡಿಕಲ್ಲೇ. ಆದ್ರೆ ದಿನ ಹೇಳಿ ಅಕ್ಕ. ಕ್ಯಾಲೆಂಡರ್‌ನಾಗೆ ಯಾವ ದಿನ?"

"ಕ್ಯಾಲೆಂಡ್ರು ನೋಡ್ಕಂಡು ಹೊರಡಾಕೆ ಅವ್ಳೇನು ಬಸ್ಸಾ?"

ಇಲ್ಲಿ ನಾನು ಬಾಯಿ ಹಾಕಿದೆ. ಹಾಕದೆ ಹೇಗಿರಲಿ? ಐದೂವರೆ ತಿಂಗಳು ಗೆರೆ ಎಳೆದವಳು, ಭೂಗೋಳ ಓದಿದವಳು, ಪ್ರಶ್ನೆ ಕೇಳಿದವರು ಅಳತೆಯ ಮನುಷ್ಯ.

"ನಂಗೊತ್ತು ತಾತ! ಅಮ್ಮ ನಿನ್ನೇನೇ ಹೊಂಟ್ಲು! ಡಿಸೆಂಬರ್ ಇಪ್ಪತ್ತೆರಡು! ನಮ್ ಪುಸ್ತಕದಲ್ಲೇ ಅಚ್ಚಾಗೈತೆ!"

ಬಾಗಿಲ ಹಿಂದೆ ರತ್ನತ್ತೆ ಅವರೆ ಸುಲಿಯುತ್ತಿದ್ದ ಚಟ್ ಚಟ್ ಸದ್ದು ನಿಂತಿತು. ಆ ಸದ್ದು ನಿಂತದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಅಷ್ಟು ಬುದ್ಧಿವಂತೆಯಾಗಿ ಅಷ್ಟು ದಡ್ಡತನ ಮಾಡಲು ಏಳನೇ ತರಗತಿಯೇ ಬೇಕು.

"ನೋಡಿ, ಮಗೂನೇ ಹೇಳ್ತು" ಎಂದು ತಾತ ತೊಡೆ ತಟ್ಟಿಕೊಂಡರು.

ಅಜ್ಜಿ ನನ್ನನ್ನು ಬೈಯಲಿಲ್ಲ. "ಅಮ್ಮಣ್ಣಿ, ಇವತ್ತು ಬೆಳಿಗ್ಗೆ ಗೆರೆ ಎಲ್ಲಿ ಎಳ್ದೆ?" ಅಂದಳು.

"ನಿನ್ನೆ ಗೆರೆ ಮೇಲೇನೇ."

"ನಿನ್ನೆ?"

"ಮೊನ್ನೆ ಗೆರೆ ಮೇಲೆ."

"ಹಂಗಾದ್ರೆ ಹೊಂಟೋಳು ಯಾರು? ನಿನ್ ಪುಸ್ತಕದೋಳಾ?"

ತಾತ ಎದ್ದು ಬಂದು ಗೋಡೆ ನೋಡಿದರು. ನೂರಕ್ಕೂ ಹೆಚ್ಚು ಗೆರೆ, ಪ್ರತಿಯೊಂದಕ್ಕೂ ತಾರೀಖು. ಕನ್ನಡಕ ಹಾಕಿಕೊಂಡು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. "ಇದ್ಯಾರು ಮಾಡಿದ್ದು? ನೀನಾ? ಪರ್ವಾಗಿಲ್ವೇ ಕಂದಾ!" ಆಮೇಲೆ ಅಜ್ಜಿಯ ಕಡೆ ತಿರುಗಿ, "ನಾಳೆ ನಾನೇ ನೋಡ್ತೀನಿ. ಅಮ್ಮ ಒಂದು ನೂಲು ಸರಿದಿದ್ರೂ ಬಸ್ಸು" ಅಂದರು.

ಮಾರನೆಯ ದಿನ ಆರೂವರೆಗೇ ಮನೆಮಂದಿ ಗೋಡೆಯ ಮುಂದೆ. ತಾತ ಮೂಲೆಯ ಮೊಳೆಗೆ ನೂಲು ಕಟ್ಟಿ ಹಿಡಿದಿದ್ದರು. ಆರೂ ನಲವತ್ತಕ್ಕೆ ಬೆಳಕು ಬಂತು. ಹತ್ತೊಂಬತ್ತನೆಯ ತಾರೀಖಿನ ಗೆರೆಯ ಮೇಲೆ, ಒಂದು ಕೂದಲೂ ಅತ್ತಿತ್ತ ಇಲ್ಲದೆ, ಅಮ್ಮ ನಿಂತಿದ್ದಳು. ತಾತ ನೂಲಿಗೆ ಒಂದು ಗಂಟು ಹಾಕಿ ಪುಸ್ತಕದಲ್ಲಿ ಬರೆದುಕೊಂಡರು.

ಅವತ್ತು ಬಸ್ಸು ಹೋಯಿತು, ತಾತ ಹೋಗಲಿಲ್ಲ. ಸಂಜೆ ಜಗಲಿಯಲ್ಲಿ ಕೂತು ನನ್ನನ್ನು ಕೇಳಿದರು: "ಪುಸ್ತಕ ಸೂರ್ಯ ತಿರುಗಿದ ಅಂತದೆ. ಗೋಡೆ ಅಮ್ಮ ನಿಂತವ್ಳೆ ಅಂತದೆ. ಎರಡರಲ್ಲಿ ಸುಳ್ಳು ಹೇಳೋದು ಯಾವ್ದು?" ಬಾಗಿಲ ಹಿಂದಿನಿಂದ ರತ್ನತ್ತೆಯ ದನಿ ಬಂತು. ಸೊಸೆ ಮಾವನೊಂದಿಗೆ ನೇರ ಮಾತಾಡುವ ರೂಢಿಯಿಲ್ಲ. ಮಾತು ನನ್ನ ಮೂಲಕ ಹೋಗಬೇಕು.

"ಅಮ್ಮಣ್ಣಿ, ತಾತಂಗೆ ಹೇಳು. ಎರಡೂ ನಿಜಾನೇ. ಉಯ್ಯಾಲೆ ನಡುವೆ ಜೋರಾಗಿ ಹೋಯ್ತದೆ, ತುದಿಗೆ ಹೋದಾಗ ಒಂದು ಗಳಿಗೆ ನಿಂತಂಗೆ ಕಾಣ್ತದೆ. ತಿರುಗೋದೂ ಆ ನಿಂತಿರೋ ಗಳಿಗೇಲೇ."

"ತಾತ, ಉಯ್ಯಾಲೆ..." ಎಂದು ನಾನು ಶುರುಮಾಡುವಷ್ಟರಲ್ಲಿ ತಾತ, "ಕೇಳಿಸ್ತು ಕೇಳಿಸ್ತು. ದಿನಕ್ಕೆ ಎಷ್ಟು ಸರೀತಾಳೆ ಅಂತ ಕೇಳು" ಅಂದರು.

"ಅಮ್ಮಣ್ಣಿ, ತಾತಂಗೆ ಹೇಳು, ಸೆಪ್ಟೆಂಬರ್‌ನಾಗೆ ದಿನಕ್ಕೆ ಬೆರಳಗಲ. ನವೆಂಬರ್ ನಡುವೆ ಅರ್ಧ ಬೆರಳು. ಹಂಗೇ ಕಮ್ಮಿ ಆಯ್ತಾ ಆಯ್ತಾ... ಇರಿ ಮಾವ, ಸ್ಲೇಟು ತತ್ತೀನಿ."

ಮೂರನೆಯ ಮಾತಿಗೆ ಇಬ್ಬರೂ ನನ್ನನ್ನು ಮರೆತಿದ್ದರು. ಅತ್ತೆ ಹೊರಗೆ ಬಂದು, ನೆಲದ ಮೇಲೆ ಕೂತು, ನನ್ನ ಗೆರೆಗಳನ್ನು ಸ್ಲೇಟಿನ ಮೇಲೆ ಸಾಲಾಗಿ ಬರೆದು ತೋರಿಸಿದಳು. ಮದುವೆಯಾದ ಮೇಲೆ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ. ತಾತ ತಲೆದೂಗಿ, "ಮೂವತ್ತು ವರ್ಷ ಅಳ್ದೆ. ನಮ್ ಸಾಹೇಬ್ರೂ ಹಿಂಗೆ ಬಿಡಿಸಿ ಹೇಳ್ಲಿಲ್ಲ" ಅಂದರು. ಅಷ್ಟೇ ಅಂದು, ಸ್ಲೇಟಿನ ಲೆಕ್ಕವನ್ನು ಕಂದು ಪುಸ್ತಕಕ್ಕೆ ಇಳಿಸಿಕೊಂಡರು.

ಮುಂದಿನ ದಿನಗಳು ನನ್ನ ಬಾಲ್ಯದ ಅತ್ಯಂತ ಸಡಗರದ ದಿನಗಳು. ಇಪ್ಪತ್ತೈದು, ನಿಂತಿದ್ದಾಳೆ. ಇಪ್ಪತ್ತಾರು, ಇಪ್ಪತ್ತೇಳು, ಎದುರಿನ ಹುಣಸೆಮರವೂ ಕಾಣದ ಮಂಜು. ತಾತ ಮೊದಲು ನಾಳೆ ಹೊರಡಬೇಕು ಅನ್ನುತ್ತಿದ್ದವರು ಆಮೇಲೆ ನಾಳೆ ಏನಾಗುತ್ತದೋ ನೋಡಬೇಕು ಅನ್ನತೊಡಗಿದರು. ಅವರೆ ಸಾರು, ಹಿತಕಿದ ಬೇಳೆ, ಅವರೆ ಉಪ್ಪಿಟ್ಟು, ಅವರೆ ರೊಟ್ಟಿ. ಹತ್ತು ದಿನದಲ್ಲಿ ಅವರು ಹದಿನೇಳು ಊಟ ಅವರೆಯದೇ ಉಂಡರು. ಹನ್ನೆರಡು ಗಂಟೆಗೆ ಅಂಚೆಯವನ ಗಂಟೆ ಕೇಳಿದರೆ ಅತ್ತೆ ಬೀದಿಗೆ ಓಡುವುದನ್ನೂ ಅವರು ನೋಡುತ್ತಿದ್ದರು, ನೋಡದವರಂತೆ ನೂಲು ಸುತ್ತುತ್ತಿದ್ದರು.

ಇಪ್ಪತ್ತೆಂಟರಂದು ಅಮ್ಮ ಎಳ್ಳಿನಷ್ಟು ಸರಿದಳೆಂದು ನನಗನ್ನಿಸಿತು, ಬರೆದೆ. ತಾತ ಒಪ್ಪಲಿಲ್ಲ. "ಬೆಳಕಿನ ಅಂಚು ಅಲುಗ್ತದೆ. ಅನುಮಾನ ಇದ್ರೆ ಬರೀಬಾರ್ದು." ನಾನು ರಬ್ಬರು ತೆಗೆದೆ. ಅವರು ನನ್ನ ಕೈ ಹಿಡಿದರು.

"ಅಳಿಸ್ಬಾರ್ದು ಕಂದಾ. ಫೀಲ್ಡ್ ಬುಕ್ಕಲ್ಲಿ ಅಳಿಸಿದ್ರೆ ಕೆಲಸ ಹೋಯ್ತದೆ. ಒಂದೇ ಗೆರೆ ಎಳಿ, ಕೆಳಗಿರೋದು ಓದೋಕೆ ಬರ್ಬೇಕು. ಪಕ್ಕದಲ್ಲಿ ಹೊಸದು ಬರಿ. ಸಹಿ ಹಾಕು. ಬದಲಾಯ್ಸಿದ್ದು ಯಾರು ಅಂತ ಗೊತ್ತಾಗ್ಬೇಕು."

ಇಪ್ಪತ್ತೊಂಬತ್ತು, ಮಂಜು. ಮೂವತ್ತು, ಶನಿವಾರ. ಎದ್ದಾಗಲೇ ನಕ್ಷತ್ರ ತೊಳೆದಿಟ್ಟ ಹಾಗಿದ್ದವು. ಅಜ್ಜಿ ಹಿತ್ತಲಲ್ಲಿ, ಅತ್ತೆ ಕೊಟ್ಟಿಗೆಯಲ್ಲಿ, ತಾತ ಬೇವಿನ ಕಡ್ಡಿ ಹಿಡಿದು ಬಾವಿಯ ಕಡೆ. ಗೋಡೆಯ ಮುಂದೆ ನಾನೊಬ್ಬಳೇ. ಬೆಳಕು ಬಂತು. ಕಪ್ಪು ಗಂಟಿನ ಮೇಲೆ ಅಲ್ಲ. ಗಂಟನ್ನು ದಾಟಿ, ಎಡಕ್ಕೆ, ಡಿಸೆಂಬರ್ ಹದಿನಾಲ್ಕರ ಗೆರೆಯ ಮೇಲೆ ಬಂದು ಕೂತಿತ್ತು. ಒಂದು ಅವರೆಕಾಳಿನಷ್ಟು. ಅನುಮಾನವೇ ಇಲ್ಲ. ಅಮ್ಮ ಹೊರಟಿದ್ದಳು!

ನನಗೆ ಮೊದಲು ಬಂದದ್ದು ಆನಂದ. ಕೂಗಿ ಊರೆಲ್ಲ ಕರೆಯಬೇಕೆಂಬಂಥ ಆನಂದ. ಬಾಯಿ ತೆರೆದೂ ಬಿಟ್ಟಿದ್ದೆ. ಆಗ ಕೊಟ್ಟಿಗೆಯಲ್ಲಿ ಅತ್ತೆ ಹಸುವಿಗೆ ಉಯ್ಯಾಲೆಯ ಲೆಕ್ಕ ಹೇಳುತ್ತಿದ್ದದ್ದು ಕೇಳಿಸಿತು. ತಮಾಷೆಗೆ, ಮೇಷ್ಟ್ರ ಧಾಟಿಯಲ್ಲಿ. ನಾನು ಗೆರೆ ಎಳೆಯಲಿಲ್ಲ. ಬೆಳಕು ಕೆಳಗೆ ಜಾರಿ ಮಾಯವಾಗುವವರೆಗೆ ನಿಂತಿದ್ದೆ. ಡೈರಿ ತೆರೆದು ಬರೆದೆ: ಮೋಡ.

"ಏನಂತಾಳೆ ನಮ್ಮವ್ವ?" ಅಜ್ಜಿ ಒಳಗೆ ಬಂದು ಕೇಳಿದಳು.

"ಕಾಣ್ಲಿಲ್ಲ ಅಜ್ಜಿ. ಮೂಡಲಲ್ಲಿ ಮೋಡ."

"ಮೂಡಲಲ್ಲಾ? ಇರ್ತದೆ, ಇರ್ತದೆ" ಎನ್ನುತ್ತ ಅಜ್ಜಿ ಹೊರಗೆ ಹೋದಳು. ಅಂಗಳದಲ್ಲಿ ಅವಳ ನೆರಳು ಉದ್ದಕ್ಕೆ ಬಿದ್ದಿತ್ತು.

ಮೂವತ್ತೊಂದು ಮತ್ತು ಒಂದು, ನಿಜವಾದ ಮಂಜು. ಆ ಮಂಜನ್ನು ನಾನೇ ಕರೆದೆನೇನೋ ಎಂದು ಹೆದರಿ ಕಳಸಕ್ಕೆ ಒಟ್ಟು ಹದಿನಾರು ನಮಸ್ಕಾರ ಹಾಕಿದೆ. ಎರಡನೆಯ ತಾರೀಖು ಮಂಗಳವಾರ ಮತ್ತೆ ಶುಭ್ರ ಆಕಾಶ. ಎಲ್ಲರೆದುರಿಗೂ ಅಮ್ಮ ಗಂಟಿನಿಂದ ಬೆರಳಗಲ ಎಡಕ್ಕೆ ಬಂದು ನಿಂತಿದ್ದಳು. ಅಜ್ಜಿ ಕಳಸ ಸರಿಸಿದಳು, ಮಡಿಲು ತುಂಬಿದಳು. ಆಮೇಲೆ ಅತ್ತೆಯನ್ನು ಮಣೆಯ ಮೇಲೆ ಕೂರಿಸಿ ಅವಳ ಮಡಿಲಿಗೂ ರಾಗಿ, ಅವರೆ, ಬೆಲ್ಲ, ಬಳೆ. "ನಾಳೆ ಮೊದ್ಲು ಬಸ್ಸು" ಎಂದರು ತಾತ, ನೆಲ ನೋಡುತ್ತ.

ಹನ್ನೆರಡೂ ಐದು. ಸೈಕಲ್ ಗಂಟೆ. ಅತ್ತೆ ಅವತ್ತು ಬೀದಿಗೆ ಹೋಗಲಿಲ್ಲ, ಒಳಗೆ ಸೀರೆ ಮಡಿಸುತ್ತಿದ್ದಳು. ಸೈಕಲ್ ನಿಂತ ಸದ್ದಾಯಿತು.

"ಅಮ್ಮಾ! ರತ್ನಮ್ಮಾವುಕ್ಕು ರಿಜಿಸ್ಟರ್ ವಂದಿರುಕ್ಕು! ಕೈಯೆಳುತ್ತು ಪೋಡಣುಂ!"

ರತ್ನತ್ತೆಯ ಹೆಸರಿಗೆ ರಿಜಿಸ್ಟರ್ ಬಂದಿತ್ತು. ಸಹಿ ಹಾಕುವಾಗ ಅವಳ ಬೆರಳಿನಿಂದ ಬೆಲ್ಲ ಅಂಚೆಯವನ ಪುಸ್ತಕಕ್ಕೆ ಅಂಟಿತು. ತಾತ ಆರ್ಡರ್ ತೆಗೆದುಕೊಂಡು ಮೂರು ಸಲ ಓದಿದರು. ಗುಮ್ಮಳಾಪುರದ ಹತ್ತಿರದ ಹಳ್ಳಿ, ಕನ್ನಡ ಶಾಲೆ, ಹದಿನೈದು ದಿನದೊಳಗೆ ಹಾಜರಾಗತಕ್ಕದ್ದು.

"ಇದು ನಾನು ಅಳ್ದಿರೋ ಊರು" ಅಂದರು ಕೊನೆಗೆ. "ಸ್ಕೂಲಿನ ಹಿಂದೆ ಬಾವಿ ಐತೆ. ಬಡಗಲಿಗೆ ಮೂರು ಹುಣಸೆಮರ."

"ಮಾವ..." ಅಂದಳು ಅತ್ತೆ. ಈ ಸಲವೂ ನನ್ನ ಮೂಲಕ ಅಲ್ಲ, ನೇರವಾಗಿಯೇ.

"ಆರ್ಡರ್ ಬಂದ್ರೆ ಆಗ ನೋಡೋಣ ಅಂದಿದ್ನಾ ಇಲ್ವಾ? ನೋಡ್ದೆ. ಮೂರು ಸಲ ನೋಡ್ದೆ. ನಾಳೆ ಮೊದ್ಲು ಬಸ್ಸೇ, ಆದ್ರೆ ಕೃಷ್ಣಗಿರಿ ಬಸ್ಸಲ್ಲ. ನಾನೇ ಕರ್ಕೊಂಡು ಹೋಗಿ ಸೇರಿಸ್ತೀನಿ, ಎದ್ದೇಳು. ಮನೆಗೆ ಸುಣ್ಣ ನಿನ್ ಗಂಡ ಬಳೀಲಿ, ಎತ್ರ ಇದಾನೆ."

ಅಜ್ಜಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆಯ ಗಂಡ ಆಮೇಲೆ ತೋಟವನ್ನು ತಮ್ಮನಿಗೆ ಒಪ್ಪಿಸಿ ಇತ್ತಲೇ ಬಂದರು. ಅತ್ತೆ ಈಗಲೂ ಈ ಕಡೆಯ ಶಾಲೆಯಲ್ಲೇ ಇದ್ದಾಳೆ. ಉಯ್ಯಾಲೆಯ ಲೆಕ್ಕವನ್ನು ಹಸುವಿನ ಬದಲು ಮಕ್ಕಳಿಗೆ ಹೇಳುತ್ತಾಳೆ.

ಎಲ್ಲ ಸುಖವಾಯಿತು, ನನಗೆ ಮಾತ್ರ ಒಂದು ಮುಳ್ಳು ಉಳಿಯಿತು. ನನ್ನ ಡೈರಿಗಳಲ್ಲಿ ಸುಳ್ಳು ಒಂದೇ, ಅದೂ ದೇವರ ಬಗ್ಗೆ. ಯಾರಿಗೂ ಹೇಳಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಆ ಗೋಡೆಯ ಮುಂದೆ ಸ್ವಲ್ಪ ಓರೆಯಾಗಿ ನಿಲ್ಲುವುದು ರೂಢಿಯಾಗಿಬಿಟ್ಟಿತ್ತು.

ಮೊನ್ನೆ ಅವರೆ ಸುಲಿದು ಮುಗಿಸಿ, ಜಿಡ್ಡಿನ ಕೈ ತೊಳೆದು, ತಾತನ ಪುಸ್ತಕ ತೆರೆದೆ. ಮುತ್ತಿನಂಥ ಅಕ್ಷರ. ಎಪ್ಪತ್ತೆಂಟರ ಡಿಸೆಂಬರ್ ಇಪ್ಪತ್ನಾಲ್ಕರಿಂದ ಶುರು. ಇಪ್ಪತ್ತೆಂಟರ ಮುಂದೆ, "ಹುಡುಗಿ ಎಳ್ಳಿನಷ್ಟು ಅಂದಳು, ಒಪ್ಪಲಿಲ್ಲ." ಹಾಳೆ ತಿರುವಿದೆ. ಮೂವತ್ತು, ಶನಿವಾರ. ಅಲ್ಲಿ ಬರೆದಿತ್ತು: "ಬಾಗಿಲಿನಿಂದ ನೋಡಿದೆ. ಆಕಾಶ ಶುಭ್ರ. ಹದಿನಾಲ್ಕರ ಗೆರೆ ಮೇಲೆ. ಅಮ್ಮ ಹೊರಟಳು."

ಅದರ ಮೇಲೆ ಒಂದೇ ಒಂದು ಗೆರೆ ಎಳೆದಿತ್ತು. ಕೆಳಗಿರುವುದನ್ನು ಓದಲು ಬರುವ ಹಾಗೆ. ಪಕ್ಕದಲ್ಲಿ ಹೊಸದಾಗಿ ಒಂದು ಪದ: ಮೋಡ. ಅದರ ಪಕ್ಕ ತಾತನ ಪೂರ್ತಿ ಸಹಿ, ತಾರೀಖಿನ ಸಮೇತ.

ಬಾವಿಯ ಕಡೆ ಹೋದವರು ಬಾಗಿಲಲ್ಲಿ ನಿಂತಿದ್ದರು. ನಾನು ಗೆರೆ ಎಳೆಯದೆ ನಿಂತದ್ದನ್ನೂ ನೋಡಿದ್ದರು.

ನಾನು ಕೋಣೆಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಕೆಳಗಿನ ಮನೆಯಾಕೆ "ಏನಮ್ಮಾ ಅದು?" ಎಂದು ಕೇಳುವಷ್ಟು. ಟ್ರಂಕಿನ ತಳದಿಂದ ಗೊಬ್ಬರದಂಗಡಿಯ ಆ ಡೈರಿ ತೆಗೆದು ಅದೇ ಪುಟ ಬಿಚ್ಚಿದೆ. ಹನ್ನೆರಡು ವರ್ಷದ ಹುಡುಗಿಯ ದಪ್ಪ ಅಕ್ಷರ, ಮೋಡ. ಹತ್ತು ವರ್ಷದಿಂದ ಅದನ್ನು ಹೊಡೆದು ಹಾಕಬೇಕೆಂದುಕೊಂಡಿದ್ದೆ. ಪೆನ್ನು ತೆಗೆದೆ. ಹೊಡೆಯಲಿಲ್ಲ. ಪಕ್ಕದಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಬಾಡಿಗೆ ಕೋಣೆಯ ಕಿಟಕಿಯಿಂದ ಬಂದ ಬೆಳಕಿಗೆ ಗೋಡೆಯ ಮೇಲೆ ಪೆನ್ಸಿಲಿನಿಂದ ಮೊದಲ ಗೆರೆ ಎಳೆದೆ. ಮನೆಯ ಒಡತಿ ಬೈಯುತ್ತಾಳೆ, ಬೈಯಲಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ ತಾತನಿಗೆ ಕಾರ್ಡು ಹಾಕಿದೆ. ಅತ್ತೆ ಓದಿ ಹೇಳುತ್ತಾಳೆಂದು ಗೊತ್ತಿದ್ದರೂ ದೊಡ್ಡ ಅಕ್ಷರದಲ್ಲೇ ಬರೆದಿದ್ದೆ:

"ತಾತ, ಪುಸ್ತಕ ಸೇರಿತು. ಅಮ್ಮ ನಿಂತಿದ್ದಾಳೆ. ಹೊರಟ ದಿನ ತಿಳಿಸುತ್ತೇನೆ. ಮೋಡವಾದರೆ ಅದನ್ನೂ ತಿಳಿಸುತ್ತೇನೆ, ಸಹಿ ಹಾಕಿ."